ಸಿಡುಕಿನ ನಾಯಕ, ಕಣ್ಣೀರಿನ ನಾಯಕಿ: ನಮ್ಮ ಜನಪ್ರಿಯ ಕಾದಂಬರಿಗಳ ಒಂದು ಹಿನ್ನೋಟ

ಕನ್ನಡದ ಜನಪ್ರಿಯ ಕಾದಂಬರಿಗಳ ಮಾತು ಬಂದಾಗ ನಮ್ಮ ಮಹಿಳಾ ವೇದಿಕೆಯ ಗೆಳತಿಯರು ಎರಡು ಪಕ್ಷವಾಗುತ್ತಾರೆ. ಒಂದು ಪಕ್ಷದವರಿಗೆ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಸಾಯಿಸುತೆ ಎಂಬ ಹೆಸರುಗಳು ತವರಿನ ನೆನಪಿನಷ್ಟೇ ಹಿತ. ಇನ್ನೊಂದು ಪಕ್ಷದವರು, ಹೆಚ್ಚಾಗಿ ವಯಸ್ಸಿನಲ್ಲಿ ಚಿಕ್ಕವರು, "ಆ ಸಿಡುಕು ಮೋರೆ ಹೀರೋನೂ ಇಷ್ಟ ಆಗಲ್ಲ, ಅಳುಮುಂಜಿ ಹೀರೋಯಿನ್ನೂ ಇಷ್ಟ ಆಗಲ್ಲ ಆಂಟಿ, ಯಾರಿಗೋಸ್ಕರ ಓದಬೇಕು?" ಎಂದು ಪುಸ್ತಕ ಮುಚ್ಚಿಡುತ್ತಾರೆ. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ಈ ಅಚ್ಚಿನ ಪಾತ್ರಗಳು ಎಲ್ಲಿಂದ ಬಂದವು, ಯಾಕೆ ಇಷ್ಟು ಕಾಲ ಉಳಿದವು, ಅವನ್ನು ಮುರಿದವರು ಯಾರು ಎಂದು ನೋಡಿದರೆ ಜಗಳದ ರೂಪವೇ ಬದಲಾಗುತ್ತದೆ. ಆ ಇತಿಹಾಸವನ್ನು ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ದೂರು ಹಳೆಯದೇ

ಲಘು ಪ್ರೇಮಕಥೆಗಳ ನಾಯಕಿಯನ್ನು ಕಂಡು ಬೇಸತ್ತವರಲ್ಲಿ ನಾವು ಮೊದಲಿಗರೇನಲ್ಲ. ಇಂಗ್ಲೆಂಡಿನಲ್ಲಿ 1856ರ ಅಕ್ಟೋಬರಿನಲ್ಲಿ 'ವೆಸ್ಟ್‌ಮಿನ್‌ಸ್ಟರ್ ರಿವ್ಯೂ' ಪತ್ರಿಕೆಯಲ್ಲಿ ಒಂದು ಖಾರವಾದ ಲೇಖನ ಬಂತು. ಹೆಂಗಸರು ಬರೆಯುವ ಪೆದ್ದು ಕಾದಂಬರಿಗಳು ಎಂಬುದೇ ಅದರ ವಿಷಯ. ಬರೆದವರು ಗಂಡಸಲ್ಲ. ಮುಂದೆ ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ ಪ್ರಸಿದ್ಧರಾದ ಮೇರಿಯನ್ ಇವಾನ್ಸ್. ನಾಯಕಿ ಸಿರಿವಂತರ ಮನೆಯ ಮಗಳು, ಅಪ್ರತಿಮ ಸುಂದರಿ, ಅಷ್ಟೇ ಅಪ್ರತಿಮ ಬುದ್ಧಿವಂತೆ, ಎಲ್ಲ ಗಂಡಸರೂ ಅವಳ ಹಿಂದೆ. ಇಂಥವರನ್ನು ಓದಿ ಓದಿ ಆಕೆಗೆ ಸಾಕಾಗಿತ್ತು.

ಆ ಲೇಖನದ ಕೊನೆಯ ಭಾಗವೇ ನನಗೆ ಮುಖ್ಯ. ಹೆಂಗಸರಿಗೆ ಕಾದಂಬರಿ ಬರೆಯಲು ಬಾರದು ಎಂದು ಆಕೆ ಹೇಳಲಿಲ್ಲ. ಅತ್ಯುತ್ತಮ ಕಾದಂಬರಿಗಳಲ್ಲಿ ಕೆಲವು ಹೆಂಗಸರವೇ, ಆದ್ದರಿಂದಲೇ ಕಳಪೆಯದನ್ನು ಕಳಪೆ ಎನ್ನಬೇಕು ಎಂಬುದು ಆಕೆಯ ವಾದ. ಅಂದರೆ ಅಭಿಮಾನದಿಂದ ಹುಟ್ಟಿದ ಬೇಸರ. ಈ ಬಗೆಯ ಬೇಸರ ಬೇರೆ, ತಾತ್ಸಾರ ಬೇರೆ. ಕನ್ನಡದಲ್ಲಿ ನಾವು ಇವೆರಡನ್ನೂ ಬಹುಕಾಲ ಕಲಸಿಬಿಟ್ಟಿದ್ದೇವೆ.

ಮೊದಲ ನಾಯಕಿಯರು

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನಿಂದ ಹೊರಬಂತು. ಅದರ ನಾಯಕಿ ಎಳೆಯ ವಿಧವೆ. ಮನೆ ಬಿಟ್ಟು ಹೊರಡುತ್ತಾಳೆ, ಓದುತ್ತಾಳೆ, ಮರುಮದುವೆಯಾಗುತ್ತಾಳೆ. ನಮ್ಮ ಕಾದಂಬರಿಯ ಆರಂಭದಲ್ಲಿ ಅಳುತ್ತಾ ಕೂತವಳಿಲ್ಲ, ಬಾಗಿಲು ದಾಟಿದವಳಿದ್ದಾಳೆ ಎಂಬುದನ್ನು ಮರೆಯಬಾರದು.

ಬರೆದದ್ದು ಒಬ್ಬ ಗಂಡಸು ನಿಜ. ಆದರೆ ಹೆಚ್ಚು ಕಾಲ ಕಳೆಯುವ ಮೊದಲೇ ಹೆಂಗಸರೂ ಲೇಖನಿ ಹಿಡಿದರು. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬಾ (1887–1982) ಮನೆಯಲ್ಲೇ ಕುಳಿತು ಓದು ಬರಹ ಬೆಳೆಸಿಕೊಂಡು 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಕಟ್ಟಿದರು. ತಾವೇ ಬರೆದು, ತಾವೇ ಪ್ರಕಟಿಸಿ, ಪತ್ರಿಕೆಯನ್ನೂ ನಡೆಸಿದರು. 1913ರ ಅವರ 'ಸುಶೀಲೆ' ಬಹಳ ಜನ ಓದಿದ ಕಾದಂಬರಿ. ಹೆಸರೇ ಹೇಳುವಂತೆ ಒಳ್ಳೆಯ ಹೆಂಡತಿ ಹೇಗಿರಬೇಕು ಎಂಬ ಆದರ್ಶ ಅಲ್ಲಿ ಗಟ್ಟಿಯಾಗಿದೆ. ಇಂದು ಓದಿದರೆ ನಮಗೆ ಉಪದೇಶ ಹೆಚ್ಚಾಯಿತು ಅನ್ನಿಸೀತು. ಆದರೆ ಹೆಣ್ಣುಮಗಳು ಅಕ್ಷರ ಕಲಿತರೆ ಕೆಡುತ್ತಾಳೆ ಎನ್ನುತ್ತಿದ್ದ ಕಾಲದಲ್ಲಿ, ಓದು ಬಲ್ಲವಳೂ ಸದ್ಗೃಹಿಣಿಯೇ ಎಂದು ತೋರಿಸದೆ ಯಾವ ಮನೆಯೂ ಆ ಪುಸ್ತಕವನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ತಾಳ್ಮೆಯ ಹೆಂಡತಿ ನಮ್ಮ ಕಾದಂಬರಿಗೆ ಬಂದದ್ದು ಹೀಗೆ, ಪ್ರವೇಶ ಚೀಟಿಯಾಗಿ. ತೊಂದರೆಯೆಂದರೆ ಒಳಗೆ ಬಂದ ಮೇಲೂ ಅನೇಕ ವರ್ಷ ಅದೇ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆವು.

ತ್ರಿವೇಣಿಯವರು ಮಾಡಿದ್ದೇನು

ಆ ಚೀಟಿಯನ್ನು ಹರಿದವರಲ್ಲಿ ಮುಖ್ಯರು ತ್ರಿವೇಣಿ. ಅನಸೂಯಾ ಶಂಕರ್ ಅವರ ನಿಜ ಹೆಸರು. 1928ರಲ್ಲಿ ಹುಟ್ಟಿ, 1963ರಲ್ಲಿ ಹೆರಿಗೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡರು. ಅವರ ಮೊದಲ ಕಾದಂಬರಿ 'ಅಪಸ್ವರ' ಬಂದದ್ದು 1953ರಲ್ಲಿ. ಹತ್ತೇ ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ್ದರ ಗುರುತು ಅವರ ಪಾತ್ರಗಳಲ್ಲಿ ಕಾಣುತ್ತದೆ.

'ಬೆಳ್ಳಿಮೋಡ'ವನ್ನೇ ನೋಡಿ. ಶ್ರೀಮಂತ ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು ಇಂದಿರಾ. ಅವಳೊಂದಿಗೆ ಮದುವೆ ಗೊತ್ತಾದ ಮೋಹನ ಮಾವನಾಗುವವರ ಹಣದಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಈ ನಡುವೆ ಇಂದಿರೆಗೆ ತಮ್ಮ ಹುಟ್ಟುತ್ತಾನೆ, ತಾಯಿ ಸಾಯುತ್ತಾಳೆ. ಆಸ್ತಿಗೆ ವಾರಸುದಾರ ಬಂದ ಎಂದು ತಿಳಿದ ಮೋಹನನ ಪ್ರೀತಿ ಆರಿಹೋಗುತ್ತದೆ. ಮುಂದೆ ಅವನು ಪೆಟ್ಟು ತಿಂದು ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ, ಅವನ ಮನಸ್ಸು ತಿರುಗುತ್ತದೆ. ಸಾಮಾನ್ಯ ಪ್ರೇಮಕಥೆಯಾದರೆ ಇಲ್ಲಿ ಮಂಗಳವಾದ್ಯ ಮೊಳಗಬೇಕು. ಇಂದಿರಾ ಬೇಡ ಎನ್ನುತ್ತಾಳೆ.

ಮೋಹನ ನಮಗೆ ಇಷ್ಟವಾಗುವ ಗಂಡಸೇ? ಖಂಡಿತ ಇಲ್ಲ. ಆದರೆ ಅವನನ್ನು ನಾವು ನಂಬುತ್ತೇವೆ. ಹೆಣ್ಣು ನೋಡಲು ಬಂದು ಮನೆಯ ಅಂತಸ್ತನ್ನು ಅಳೆದವರನ್ನು ನಾವೆಲ್ಲ ನೋಡಿದ್ದೇವೆ. ಇದೇ ನನ್ನ ವಾದದ ತಿರುಳು. ಪಾತ್ರ ಒಳ್ಳೆಯದಾಗಿರಬೇಕು, ನಮಗೆ ಇಷ್ಟವಾಗಬೇಕು ಎಂದು ಹಟ ಮಾಡಬೇಕಿಲ್ಲ. ಅದು ನಂಬಿಕೆ ಹುಟ್ಟಿಸಬೇಕು. ಮುಂಬಯಿಯ ಶ್ಯಾಮಲಾ ಮಾಧವ ಅವರು ಕನ್ನಡಕ್ಕೆ ತಂದ ಮಾರ್ಗರೆಟ್ ಮಿಚೆಲ್ಲರ 'ಗಾನ್ ವಿತ್ ದ ವಿಂಡ್' ಓದಿದವರಿಗೆ ಸ್ಕಾರ್ಲೆಟ್ ಗೊತ್ತು. ಸ್ವಾರ್ಥಿ, ಹಟಮಾರಿ, ತಂಗಿಗೆ ಗೊತ್ತಾಗಿದ್ದ ಗಂಡನ್ನೇ ಬಲೆಗೆ ಹಾಕಿಕೊಂಡವಳು. ಆದರೂ ಸಾವಿರ ಪುಟ ಅವಳ ಹಿಂದೆ ಹೋಗುತ್ತೇವೆ, ಯಾಕೆಂದರೆ ಮುಂದಿನ ಪುಟದಲ್ಲಿ ಏನು ಮಾಡುತ್ತಾಳೋ ಹೇಳಲು ಬರುವುದಿಲ್ಲ. ಅಚ್ಚಿನ ಪಾತ್ರದ ದೋಷ ಅದು ಕೆಟ್ಟದ್ದು ಎಂಬುದಲ್ಲ. ಮುಂದೇನು ಮಾಡುತ್ತದೆ ಎಂದು ಮೊದಲ ಪುಟದಲ್ಲೇ ಗೊತ್ತಿರುವುದು.

'ಶರಪಂಜರ'ದ ಕಾವೇರಿಯೂ ಹಾಗೆಯೇ. ಹೆರಿಗೆಯ ನಂತರ ಮನಸ್ಸು ಕದಡಿ ಆಸ್ಪತ್ರೆ ಸೇರಿದವಳು ಗುಣವಾಗಿ ಮನೆಗೆ ಬರುತ್ತಾಳೆ. ಗಂಡನೂ ನೆಂಟರಿಷ್ಟರೂ ಅವಳನ್ನು ಹುಚ್ಚಿಯೆಂದೇ ನೋಡುತ್ತಾರೆ, ಕೊನೆಗೆ ಆಸ್ಪತ್ರೆಗೇ ಹಿಂದಿರುಗುವಂತಾಗುತ್ತದೆ. ಬಾಣಂತನದ ಮನೋವ್ಯಾಧಿಯ ಮಾತನ್ನು ಇಂದಿಗೂ ಮನೆಗಳಲ್ಲಿ ಮುಚ್ಚಿಡುತ್ತಾರೆ. ಅರವತ್ತು ವರ್ಷಕ್ಕೂ ಹಿಂದೆ ಒಬ್ಬ ಜನಪ್ರಿಯ ಲೇಖಕಿ ಅದನ್ನು ನಡುಮನೆಯ ಓದಿಗೆ ತಂದರು. ಪುಟ್ಟಣ್ಣ ಕಣಗಾಲರು 1967ರಲ್ಲಿ 'ಬೆಳ್ಳಿಮೋಡ'ವನ್ನೂ 1971ರಲ್ಲಿ 'ಶರಪಂಜರ'ವನ್ನೂ ಸಿನಿಮಾ ಮಾಡಿದ ಮೇಲೆ ಕಲ್ಪನಾ ಅವರ ಮುಖದಲ್ಲಿ ಈ ಇಬ್ಬರೂ ನಾಡಿಗೆಲ್ಲ ಪರಿಚಿತರಾದರು.

ಅಚ್ಚು ಗಟ್ಟಿಯಾದದ್ದು ಹೇಗೆ

ಇಷ್ಟು ಒಳ್ಳೆಯ ಬುನಾದಿ ಇದ್ದಮೇಲೆ ಅಚ್ಚಿನ ಪಾತ್ರಗಳು ಯಾಕೆ ತುಂಬಿಕೊಂಡವು? ಲೇಖಕಿಯರಿಗೆ ಶಕ್ತಿ ಸಾಲಲಿಲ್ಲ ಎಂಬುದು ಸುಲಭದ ಉತ್ತರ. ನನಗೆ ಕಾಣುವ ಕಾರಣ ಮೂರು.

ಮೊದಲನೆಯದು ಧಾರಾವಾಹಿ. 1965ರಲ್ಲಿ 'ಸುಧಾ', 1983ರಲ್ಲಿ 'ತರಂಗ' ಶುರುವಾದವು. ಅವಕ್ಕೂ ಮೊದಲಿನಿಂದ 'ಪ್ರಜಾಮತ', 'ಕರ್ಮವೀರ' ಇದ್ದವು. ವಾರಕ್ಕೆ ಎರಡು ಮೂರು ಪುಟ ಕಥೆ. ಓದುಗಳು ಏಳು ದಿನ ಅಡುಗೆ, ಮಕ್ಕಳು, ನೆಂಟರು ಎಲ್ಲ ಮುಗಿಸಿ ಮತ್ತೆ ಪತ್ರಿಕೆ ತೆರೆದಾಗ ಪಾತ್ರವನ್ನು ಒಂದೇ ಸಾಲಿನಲ್ಲಿ ಗುರುತು ಹಿಡಿಯಬೇಕು. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಗುರುತು: ನಾಯಕನಿಗೆ ಸಿಡುಕು, ನಾಯಕಿಗೆ ಉದ್ದ ಜಡೆ ಮತ್ತು ಮೌನ, ಅತ್ತಿಗೆಗೆ ಕೊಂಕು ಮಾತು, ಖಳನಾಯಕಿಗೆ ಕತ್ತರಿಸಿದ ಕೂದಲು ಮತ್ತು ಕೆಲಸ. ಹೌದು, ಉದ್ಯೋಗಕ್ಕೆ ಹೋಗುವ ಹೆಣ್ಣು ಎಷ್ಟೋ ಕಥೆಗಳಲ್ಲಿ ಇನ್ನೊಬ್ಬಳ ಸಂಸಾರ ಒಡೆಯುವವಳೇ. ಓದುತ್ತಿದ್ದ ಎಷ್ಟು ಜನ ಅಂದು ಟೈಪಿಸ್ಟ್, ಟೀಚರ್, ನರ್ಸ್ ಆಗಿದ್ದರು ಎಂದು ನೆನೆದರೆ ಬೇಸರವಾಗುತ್ತದೆ.

ಎರಡನೆಯದು ಬಾಡಿಗೆ ಲೈಬ್ರರಿ. ನಾನು ಬೆಳೆದ ಊರಿನಲ್ಲಿ ಅಂಗಡಿಯ ಮುಂಭಾಗದಲ್ಲಿ ಪೆನ್ನು, ನೋಟ್‌ಬುಕ್ಕು. ಹಿಂದೆ ದಪ್ಪ ರಟ್ಟು ಹಾಕಿ ಹೊಲಿದ ಕಾದಂಬರಿಗಳು. ಯಾರೂ ಪುಸ್ತಕದ ಹೆಸರು ಕೇಳುತ್ತಿರಲಿಲ್ಲ. "ಸಾಯಿಸುತೆ ಹೊಸದು ಬಂತಾ?" "ಉಷಾ ನವರತ್ನರಾಂ ಇದೆಯಾ?" ಎಂದೇ ಕೇಳುತ್ತಿದ್ದುದು. ಲೇಖಕಿಯ ಹೆಸರೇ ಭರವಸೆ. ಕಳೆದ ಸಲದ ರುಚಿಯೇ ಈ ಸಲವೂ ಇರಬೇಕು. ಪ್ರಕಾಶಕರ ಪ್ರತಿಗಳಲ್ಲಿ ಬಹುಪಾಲು ಹೋಗುತ್ತಿದ್ದುದು ಇಂಥ ಲೈಬ್ರರಿಗಳಿಗೇ ಆದ್ದರಿಂದ ರುಚಿ ಬದಲಾಯಿಸುವ ಧೈರ್ಯ ಯಾರಿಗಿದ್ದೀತು? ಬರವಣಿಗೆಯಿಂದಲೇ ನಾಲ್ಕು ಕಾಸು ನೋಡುತ್ತಿದ್ದ ಗೃಹಿಣಿಗೆ ಅದು ಇನ್ನೂ ಕಷ್ಟ.

ಮೂರನೆಯದು ಸಿನಿಮಾ. ಎಪ್ಪತ್ತು ಎಂಬತ್ತರ ದಶಕದಲ್ಲಿ ಕಾದಂಬರಿ ಆಧಾರಿತ ಚಿತ್ರ ಎಂಬುದೇ ಒಂದು ಮೆಚ್ಚುಗೆಯ ಮಾತು. ವಾಣಿಯವರ 'ಎರಡು ಕನಸು' 1974ರಲ್ಲಿ, 'ಶುಭಮಂಗಳ' 1975ರಲ್ಲಿ. ಉಷಾ ನವರತ್ನರಾಂ ಅವರ 'ಹೊಂಬಿಸಿಲು' 1978ರಲ್ಲಿ, 'ಬಂಧನ' 1984ರಲ್ಲಿ. ಸಾಯಿಸುತೆಯವರ 'ಇಬ್ಬನಿ ಕರಗಿತು' 1983ರಲ್ಲಿ ತೆರೆಗೆ ಬಂದವು. ಲೇಖಕಿಯರಿಗೆ ಹಣ, ಹೆಸರು ಎರಡೂ ಬಂತು, ಸಂತೋಷವೇ. ಆದರೆ ತಾರೆಯ ವರ್ಚಸ್ಸು ನಾಯಕನ ತಪ್ಪನ್ನು ತೊಳೆದುಬಿಡುತ್ತದೆ. 'ಎರಡು ಕನಸು' ಚಿತ್ರದ ರಾಮಚಂದ್ರ ಹಳೆಯ ಪ್ರೀತಿಯ ಕೊರಗಿನಲ್ಲಿ ಕಟ್ಟಿಕೊಂಡ ಹೆಂಡತಿ ಗೌರಿಯನ್ನು ದೂರವೇ ಇಡುತ್ತಾನೆ. ರಾಜ್‌ಕುಮಾರ್ ಆ ಪಾತ್ರ ಮಾಡಿದಾಗ ನಮ್ಮ ಕರುಣೆ ಅವನ ಕಡೆಗೇ ಹೋಗುತ್ತದೆ. ತಪ್ಪೇ ಮಾಡದ ಗೌರಿಯ ಕಾಯುವಿಕೆ ಅವಳ ಕರ್ತವ್ಯದಂತೆ ಕಾಣತೊಡಗುತ್ತದೆ.

ನಾವಿರುವ ಊರುಗಳಿಗೂ ಬಂದವಳು

ಹೊರನಾಡಿನ ನಮಗೆ ವಿಶೇಷವಾಗಿ ಸಂಬಂಧಿಸಿದ ಒಂದು ಉದಾಹರಣೆ ಇದೆ. ಎಚ್.ಜಿ. ರಾಧಾದೇವಿಯವರ 'ಅನುರಾಗದ ಅಂತಃಪುರ' ಕಾದಂಬರಿಯಿಂದ 1986ರಲ್ಲಿ 'ಅನುರಾಗ ಅರಳಿತು' ಚಿತ್ರ ಬಂತು. ಅಹಂಕಾರದ ಸಿರಿವಂತ ಹೆಣ್ಣು, ಕಾರ್ಖಾನೆಯ ಒಡತಿ. ಸ್ವಾಭಿಮಾನಿಯಾದ ಬಡ ಮೆಕ್ಯಾನಿಕ್ಕು. ಅವನು ಅವಳ ಅಹಂಕಾರ ಇಳಿಸುವುದೇ ಕಥೆ. 1992ರಲ್ಲಿ ಇದೇ ಕಥೆ ತೆಲುಗಿನಲ್ಲಿ 'ಘರಾನಾ ಮೊಗುಡು' ಆಯಿತು, ತಮಿಳಿನಲ್ಲಿ 'ಮನ್ನನ್' ಆಯಿತು. 1994ರಲ್ಲಿ ಹಿಂದಿಯಲ್ಲಿ 'ಲಾಡ್ಲಾ' ಆಯಿತು. ಹೈದರಾಬಾದಿನಲ್ಲಿ ಚಿರಂಜೀವಿ, ಚೆನ್ನೈನಲ್ಲಿ ರಜನೀಕಾಂತ್, ಮುಂಬಯಿಯಲ್ಲಿ ಅನಿಲ್ ಕಪೂರ್ ಆ ಹೆಣ್ಣನ್ನು ಪಳಗಿಸಿದರು. ನಮ್ಮ ಅಕ್ಕಪಕ್ಕದ ಮನೆಯವರು ಸೀಟಿ ಹೊಡೆದು ನೋಡಿದ ಆ ಕಥೆ ಒಬ್ಬ ಕನ್ನಡ ಲೇಖಕಿಯ ಪುಸ್ತಕದಿಂದ ಹೊರಟದ್ದು ಎಂದು ಬಹಳ ಮಂದಿಗೆ ತಿಳಿಯದು.

ಹೆಮ್ಮೆ ಪಡೋಣವೇ? ಪಡೋಣ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳೋಣ. ನೂರಾರು ಜನರಿಗೆ ಸಂಬಳ ಕೊಡುವ ಹೆಣ್ಣಿನ ಗತ್ತು ಮಾತ್ರ ನಾಲ್ಕು ಭಾಷೆಗಳಲ್ಲಿ ಯಾಕೆ ರೋಗವಾಯಿತು? ಅದೇ ಗತ್ತು ಗಂಡಸಿನಲ್ಲಿದ್ದರೆ ಅವನೇ ಪ್ರೇಮಕಥೆಯ ನಾಯಕ. ಅವನ ಸಿಡುಕಿನ ಹಿಂದೆ ಒಂದು ಮೃದು ಹೃದಯ ಇದ್ದೇ ಇರುತ್ತದೆ, ಅದನ್ನು ಹುಡುಕುವ ಕೆಲಸ ಹೆಣ್ಣಿನದು. ಅಚ್ಚಿನ ಪಾತ್ರಗಳ ಅನ್ಯಾಯ ಈ ಎರಡು ತಕ್ಕಡಿಯಲ್ಲಿದೆ.

ಕಥೆ ಮನೆಯೊಳಗೆ ಬಂದಾಗ

ಕಥೆ ತಾನೇ, ಇಷ್ಟೊಂದು ಯಾಕೆ ಅಂದುಕೊಳ್ಳಬೇಕು ಎನ್ನುವವರಿದ್ದಾರೆ. ನನ್ನ ದೊಡ್ಡಮ್ಮನ ಮಗಳು ಮದುವೆಯಾದ ಹೊಸತರಲ್ಲೇ ಗಂಡನ ಬಾಯಿಗೂ ಕೈಗೂ ಹೆದರಿ ತವರಿಗೆ ಬಂದಳು. ಅಂದು ನಮ್ಮ ಮನೆಯ ಹೆಂಗಸರು ಆಡಿದ ಮಾತುಗಳು ಇವು: "ಒರಟ ಅಷ್ಟೇ, ಮನಸ್ಸು ಒಳ್ಳೇದು." "ಒಂದು ಮಗು ಆಗಲಿ, ಸರಿಹೋಗ್ತಾನೆ." "ನೀನು ತಾಳ್ಮೆಯಿಂದ ಇದ್ದರೆ ಕರಗಿಯೇ ಕರಗ್ತಾನೆ." ಯಾರೂ ಕೆಟ್ಟವರಲ್ಲ. ಎಲ್ಲರೂ ಅವಳನ್ನು ಪ್ರೀತಿಸುತ್ತಿದ್ದವರೇ. ಆದರೆ ಅವರ ಬಾಯಲ್ಲಿ ಬಂದದ್ದು ಹಳೆಯ ಗಾದೆ, ಪುರಾಣಗಳ ಜೊತೆ ಆ ವಾರದ ಧಾರಾವಾಹಿಯ ಭಾಷೆ. ಹನ್ನೊಂದು ವರ್ಷ ಕಾದಳು. ಅವನು ಕರಗಲಿಲ್ಲ. ಕೊನೆಗೆ ಹೊರಬಂದಾಗ ಓದು ಅರ್ಧಕ್ಕೆ ನಿಂತಿತ್ತು, ಕೈಯಲ್ಲಿ ಇಬ್ಬರು ಮಕ್ಕಳಿದ್ದರು. ಕಾದಂಬರಿ ಅವಳ ಸಂಸಾರ ಕೆಡಿಸಿತು ಎಂದು ನಾನು ಹೇಳುತ್ತಿಲ್ಲ. ಅವಳಿಗೆ ಬೇಡ ಎನ್ನುವ ಮಾತನ್ನು ಹೇಳಿಕೊಡಬಹುದಾಗಿದ್ದ ಇಂದಿರಾ ಅದೇ ಕಪಾಟಿನಲ್ಲಿದ್ದಳು. ಅಂದು ಯಾರಿಗೂ ಅವಳ ನೆನಪಾಗಲಿಲ್ಲ.

ಎರಡು ಬಗೆಯ ಟೀಕೆ

ಇಲ್ಲಿ ಒಂದು ಎಚ್ಚರಿಕೆ ಬೇಕು. ಲೇಖಕಿಯರ ಬರಹವನ್ನು ಒಟ್ಟಾರೆ 'ಅಡುಗೆಮನೆ ಸಾಹಿತ್ಯ' ಎಂದು ಹಂಗಿಸುವ ರೂಢಿ ಕನ್ನಡ ವಿಮರ್ಶೆಯಲ್ಲಿ ಬಹಳ ಕಾಲ ಇತ್ತು. ಆ ಮಾತು ಓದಿ ಹುಟ್ಟಿದ್ದಲ್ಲ, ಓದದೆ ಹುಟ್ಟಿದ್ದು. ಅಡುಗೆಮನೆಯಲ್ಲಿ ನಡೆಯುವುದು ಬದುಕಲ್ಲವೇ? ನಲವತ್ತೈದರ ಸುಮಾರಿಗೆ ಬರೆಯಲು ಶುರುಮಾಡಿದ ಎಂ.ಕೆ. ಇಂದಿರಾ ಮಲೆನಾಡಿನ ಅಡುಗೆಮನೆ, ಹಿತ್ತಿಲು, ಬಾಣಂತಿಕೋಣೆಗಳ ಒಳಗಿಂದಲೇ 'ಫಣಿಯಮ್ಮ'ನನ್ನು ತಂದರು. ನಿಜವಾಗಿ ಬಾಳಿದ ಒಬ್ಬ ಬಾಲವಿಧವೆಯ ಕಥೆ ಅದು. ಫಣಿಯಮ್ಮ ಭಾಷಣ ಮಾಡುವುದಿಲ್ಲ, ಅಳುತ್ತಾ ಕೂರುವುದೂ ಇಲ್ಲ. ಕಷ್ಟದ ಹೆರಿಗೆಯಾದಾಗ ಮಡಿ ಮೈಲಿಗೆ ನೋಡದೆ ಕೈ ಹಾಕುತ್ತಾಳೆ. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು, ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ಅನುವಾದಿಸಿದರು. ವೈದ್ಯೆಯಾಗಿದ್ದ ಅನುಪಮಾ ನಿರಂಜನ, ಆಮೇಲೆ ವೀಣಾ ಶಾಂತೇಶ್ವರ, ವೈದೇಹಿ ಇವರೆಲ್ಲ ಹೆಣ್ಣಿನ ಒಳಮಾತನ್ನು ಬೇರೆಬೇರೆ ದಾರಿಯಲ್ಲಿ ಹೇಳಿದರು.

ಆದ್ದರಿಂದ ಹೊರಗಿನವರ ಹಂಗಣೆಗೆ ಉತ್ತರ ಕೊಡುವ ಭರದಲ್ಲಿ ನಮ್ಮದೆಲ್ಲ ಚೆನ್ನ ಎಂದು ಸಾಧಿಸುವುದೂ ಬೇಡ; ನಾವು ಕೆಲವು ಪಾತ್ರಗಳನ್ನು ಒಪ್ಪದಿದ್ದರೆ ಅದು ಆ ಹಂಗಣೆಗೆ ದನಿಗೂಡಿಸಿದಂತೆಯೂ ಅಲ್ಲ. ಓದಿದವಳಿಗೆ ಬೇಸರಪಡುವ ಹಕ್ಕಿದೆ. ಪುಸ್ತಕ ಕೊಟ್ಟ ಖುಷಿಗೂ ಅವಳೇ ಸಾಕ್ಷಿ. ಬಾಡಿಗೆ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಗೋಡೆಗೆ ಒರಗಿ ಕೂತು ಓದಿದ ಆ ಒಂದು ಗಂಟೆ ಎಷ್ಟೋ ತಾಯಂದಿರಿಗೆ ದಿನದಲ್ಲಿ ತಮ್ಮದೆಂದು ಇದ್ದ ಒಂದೇ ಗಂಟೆ. ಅದನ್ನು ಲಘುವಾಗಿ ಕಾಣುವವರೊಂದಿಗೆ ನನಗೆ ಮಾತಿಲ್ಲ.

ನಮ್ಮ ಕಪಾಟಿನಲ್ಲಿ ಏನಿರಲಿ

ಮದುವೆಯಾಗಿ ಡೊಂಬಿವಲಿಗೋ ಸಿಕಂದರಾಬಾದಿಗೋ ಬಂದಿಳಿದ ಹೆಣ್ಣುಮಕ್ಕಳಿಗೆ ಕನ್ನಡ ಮಾತಾಡಲು ಜನ ಸಿಗದಿದ್ದ ದಿನಗಳಲ್ಲಿ ಜೊತೆಗಿದ್ದದ್ದು ಈ ಕಾದಂಬರಿಗಳೇ. ಊರಿಗೆ ಹೋಗಿ ಬರುವವರ ಟ್ರಂಕಿನಲ್ಲಿ ಉಪ್ಪಿನಕಾಯಿ, ಹುರಿಟ್ಟು, ಚಟ್ನಿಪುಡಿಯ ಜೊತೆ ನಾಲ್ಕು ಪುಸ್ತಕ ಬರುತ್ತಿತ್ತು. ಒಬ್ಬರು ಓದಿದ್ದು ಹತ್ತು ಮನೆ ತಿರುಗುತ್ತಿತ್ತು. ನಮ್ಮಂಥ ಸಂಘಗಳ ಪುಸ್ತಕದ ಕಪಾಟುಗಳು ತುಂಬಿದ್ದು ಹಾಗೆ. ಈಗ ಜಾಗ ಸಾಲದು, ಓದುವವರಿಲ್ಲ, ಹಳೆಯ ಕಾದಂಬರಿಗಳನ್ನು ರದ್ದಿಗೆ ಹಾಕೋಣ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತಿದೆ.

ರದ್ದಿಗೆ ಹಾಕಿದರೆ 'ಬೆಳ್ಳಿಮೋಡ'ವೂ ಅದೇ ಮೂಟೆಯಲ್ಲಿ ಹೋಗುತ್ತದೆ. ಎಲ್ಲವನ್ನೂ ಪೂಜೆಗೆ ಇಟ್ಟರೆ ನಮ್ಮ ಮಕ್ಕಳು ಮೊದಲು ಕೈಗೆ ಸಿಕ್ಕ ಅಳುಮುಂಜಿ ಕಥೆಯನ್ನು ಓದಿ ಕನ್ನಡವೇ ಹೀಗೆ ಎಂದುಕೊಳ್ಳುತ್ತಾರೆ. ಹಾಗಾಗಿ ನನ್ನದೊಂದು ಸೂಚನೆ. ತಿಂಗಳಿಗೊಮ್ಮೆ ವೇದಿಕೆಯ ಸಭೆಯಲ್ಲಿ ಒಂದು ಹಳೆಯ ಕಾದಂಬರಿಯನ್ನು ಹಿರಿಯರೊಬ್ಬರು, ಕಿರಿಯರೊಬ್ಬರು ಓದಿಕೊಂಡು ಬರಲಿ. ಲಿಪಿ ಬಾರದ ಸೊಸೆಗೆ ಅತ್ತೆ ಓದಿ ಹೇಳಲಿ, ಅದೂ ಓದೇ. ಕೇಳಬೇಕಾದ ಪ್ರಶ್ನೆ ಎರಡೇ: ಇವರನ್ನು ನಂಬುತ್ತೀರಾ? ನಾಯಕ ಮಾಡಿದ್ದನ್ನೇ ನಾಯಕಿ ಮಾಡಿದ್ದರೆ ಕಥೆ ಅವಳನ್ನು ಕ್ಷಮಿಸುತ್ತಿತ್ತಾ? ಉತ್ತರ ನೋಡಿಕೊಂಡು ಪುಸ್ತಕದ ಒಳಪುಟದಲ್ಲಿ ನಾಲ್ಕು ಸಾಲು ಬರೆದು ಅಂಟಿಸೋಣ. ಮುಂದೆ ಆ ಪುಸ್ತಕ ತೆರೆಯುವ ಹುಡುಗಿಗೆ ಕಥೆಯ ಜೊತೆ ನಮ್ಮ ಅಭಿಪ್ರಾಯವೂ ಸಿಗುತ್ತದೆ. ಅವಳಿಗೆ ಬೇರೆ ಅನ್ನಿಸಿದರೆ ಕೆಳಗೆ ಬರೆಯಲು ಜಾಗ ಬಿಡೋಣ.

ಮೊದಲ ತಿಂಗಳಿಗೆ 'ಬೆಳ್ಳಿಮೋಡ'ವನ್ನು ನಾನು ಓದಿಕೊಂಡು ಬರುತ್ತೇನೆ. ಜೊತೆಗೆ ಕಿರಿಯರೊಬ್ಬರು ಬೇಕು.